ಮೂರು ಸಾಲಿನ ಎಸ್ಟಿಮೇಟು, ಎರಡು ತಿಂಗಳ ಜಗಳ: ಒಂದು ಮರ ಕಟಿಂಗ್ ಕೆಲಸದ ಪ್ರಕರಣ

ಮರ ಕಡಿಯೋ, ಕೊಂಬೆ ಟ್ರಿಮ್ ಮಾಡೋ ಕೆಲಸ ಮಾಡ್ಕೊಂಡು ಬದುಕೋ ಸಣ್ಣ ಟೀಮ್‌ಗಳು ಬೆಂಗಳೂರಲ್ಲಿ ತುಂಬ ಇವೆ. ನಾಲ್ಕೈದು ಜನ, ಎರಡು ಚೈನ್‌ಸಾ, ಹಗ್ಗ, ಗೊತ್ತಿರೋ ಟ್ರ್ಯಾಕ್ಟರ್‌ನವರು ಒಬ್ರು, ಇಷ್ಟೇ ಬಂಡವಾಳ. ಕೆಲಸದಲ್ಲಿ ಯಾರೂ ಕಮ್ಮಿ ಇಲ್ಲ, ದುಡ್ಡು ಹೋಗೋದೆಲ್ಲ ಕಾಗದದಲ್ಲಿ. ನಾನು ಇಂಥ ಸಣ್ಣ ಕಾಂಟ್ರಾಕ್ಟರ್‌ಗಳ ಬಿಲ್ಲು, ಟ್ಯಾಕ್ಸು ನೋಡ್ಕೊಳ್ಳೋನು, ಹಾಗಾಗಿ ಈ ಪ್ರಕರಣ ನನ್ನ ಟೇಬಲ್ ಮೇಲೆ ಬಂತು. ಸಂಬಂಧಪಟ್ಟ ಇಬ್ರೂ ಒಪ್ಪಿದ ಮೇಲೆ ಬರೀತಾ ಇದೀನಿ. ಏರಿಯಾ ಹೆಸರು, ಜನರ ಹೆಸರು ಹೇಳಲ್ಲ, ಒಬ್ರನ್ನ ಮೇಸ್ತ್ರಿ ಅಂತೀನಿ, ಇನ್ನೊಂದು ಕಡೆಯವರನ್ನ ಅಸೋಸಿಯೇಷನ್ ಅಂತೀನಿ. ಇದು ಬಿಬಿಎಂಪಿ ಇನ್ನೂ ಇದ್ದ ಕಾಲದ್ದು.

ಹಿನ್ನೆಲೆ

ಮೇಸ್ತ್ರಿ ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿರೋರು, ಮೊದಲು ಬೇರೆಯವರ ಕೈಕೆಳಗೆ ಮರ ಹತ್ತುತಾ ಇದ್ರು, ಆಮೇಲೆ ಸ್ವಂತ ಟೀಮ್ ಮಾಡ್ಕೊಂಡ್ರು. ಮರ ಹತ್ತೋರು ಇಬ್ರು, ಕೆಳಗೆ ಹಗ್ಗ ಹಿಡಿಯೋದು, ರೆಂಬೆ ಎಳೆಯೋದು ಮಾಡೋರು ನಾಲ್ಕು ಜನ. ಅಸೋಸಿಯೇಷನ್ ಅಂದ್ರೆ ನಲವತ್ತು ಮನೆ ಇರೋ ಹಳೇ ಅಪಾರ್ಟ್‌ಮೆಂಟ್. ಗೇಟ್ ಪಕ್ಕ ದೊಡ್ಡ ರೇನ್ ಟ್ರೀ ಒಂದು, ಅದರ ಕೊಂಬೆ ಕರೆಂಟ್ ಲೈನ್ ಮೇಲೂ ಪಾರ್ಕಿಂಗ್ ಶೀಟ್ ಮೇಲೂ ಚಾಚಿತ್ತು. ಹಿಂದಿನ ಕಾಂಪೌಂಡಿಗೆ ಒತ್ತಿಕೊಂಡು ಒಣಗ್ತಾ ಇದ್ದ ಕಾಪರ್ ಪಾಡ್ ಒಂದು, ಸಿಲ್ವರ್ ಓಕ್ ಎರಡು. ಏಪ್ರಿಲ್ ತಿಂಗಳು. ಬೆಂಗಳೂರಲ್ಲಿ ಮುಂಗಾರಿಗೆ ಮುಂಚೆ ಬರೋ ಗಾಳಿಮಳೆಗೆ ಮರ ಉರುಳೋದು ಎಲ್ರಿಗೂ ಗೊತ್ತು, ಹಾಗಾಗಿ ಅಸೋಸಿಯೇಷನ್‌ಗೆ ಅರ್ಜೆಂಟು, ಮೇಸ್ತ್ರಿಗೆ ಸೀಸನ್ನು.

ಪರ್ಮಿಷನ್ ವಿಷಯದಲ್ಲಿ ಅಸೋಸಿಯೇಷನ್ ಸರಿಯಾಗೇ ನಡ್ಕೊಂಡಿತ್ತು. ನಮ್ಮ ಕಾಂಪೌಂಡ್ ಒಳಗಿನ ಮರ ಆದ್ರೂ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಟ್ರೀ ಆಫೀಸರ್ ಅನುಮತಿ ಬೇಕು. ಸಿಲ್ವರ್ ಓಕ್, ತೆಂಗು, ನೀಲಗಿರಿ, ಸರ್ವೆ ಥರದ ಕೆಲವು ಜಾತಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಬಂದ ಆರ್ಡರಲ್ಲಿ ಕಾಪರ್ ಪಾಡ್ ತೆಗೀಬಹುದು, ರೇನ್ ಟ್ರೀದು ಲೈನ್ ಕಡೆಗೂ ಪಾರ್ಕಿಂಗ್ ಕಡೆಗೂ ಬಾಗಿರೋ ಕೊಂಬೆ ಮಾತ್ರ ಅಂತ ಇತ್ತು. ಈ ಒಂದು ಸಾಲು ಆಮೇಲೆ ಕೆಲಸಕ್ಕೆ ಬಂತು.

ಈಗ ಎಸ್ಟಿಮೇಟು. ಮೇಸ್ತ್ರಿ ಬಂದು ಹತ್ತು ನಿಮಿಷ ಸುತ್ತಿ ನೋಡಿ, ಸಂಜೆ ಸೆಕ್ರೆಟರಿಗೆ ವಾಟ್ಸಾಪಲ್ಲಿ ಹಾಕಿದ್ದು ಇಷ್ಟು:

"ಸರ್ ರೇನ್ ಟ್ರೀ ಕೊಂಬೆ ಕಟಿಂಗ್, ಕಾಪರ್ ಪಾಡ್ 1 ಸಿಲ್ವರ್ 2 ತೆಗೆಯೋದು.
ಕ್ಲೀನಿಂಗ್ ಸಮೇತ 58000. ಮರ ನಮಗೆ.
ಅಡ್ವಾನ್ಸ್ 15000 ಹಾಕಿ."

ಸೆಕ್ರೆಟರಿ ಹೆಬ್ಬೆಟ್ಟಿನ ಇಮೋಜಿ ಹಾಕಿದ್ರು, ದುಡ್ಡು ಬಂತು, ಕೆಲಸ ಫಿಕ್ಸು.

58,000 ಹೇಗೆ ಬಂತು ಅಂತ ಆಮೇಲೆ ಕೂತು ಕೇಳಿದೆ, ಯಾಕಂದ್ರೆ ಬಹಳ ಜನ ಮೇಸ್ತ್ರಿಗಳು ಲೆಕ್ಕ ಇಲ್ಲದೆ ಬಾಯಿಗೆ ಬಂದ ರೇಟು ಹೇಳ್ತಾರೆ ಅಂತ ಜನ ಅನ್ಕೋತಾರೆ. ಹಾಗಿಲ್ಲ, ಲೆಕ್ಕ ಇರತ್ತೆ, ತಲೆಯಲ್ಲಿ ಇರತ್ತೆ. ಮೂರು ದಿನದ ಕೆಲಸ. ಮರ ಹತ್ತೋರು ಇಬ್ರಿಗೆ ದಿನಕ್ಕೆ 1,800, ಕೆಳಗಿನ ನಾಲ್ಕು ಜನಕ್ಕೆ 900, ಮೂರು ದಿನಕ್ಕೆ ಕೂಲಿನೇ 21,600. ಪೆಟ್ರೋಲು, ಆಯಿಲ್ಲು, ಚೈನು 4,000. ಟ್ರ್ಯಾಕ್ಟರ್ ಆರು ಲೋಡು 15,000. ಊಟ, ಓಡಾಟ 4,000. ಒಟ್ಟು 44,600. ಮೇಸ್ತ್ರಿಗೆ ಉಳಿಯೋದು 13,400, ಅದರ ಮೇಲೆ ದಿಮ್ಮಿ ಮಾರಿದ್ರೆ ಬರೋದು. ಸಿಲ್ವರ್ ಓಕ್ ಸುತ್ತಳತೆ ಸುಮಾರು ನಾಲ್ಕು ಅಡಿ, ನೇರವಾಗಿರೋ ಬೊಡ್ಡೆ 25 ಅಡಿ. ಸುತ್ತಳತೆನ ನಾಲ್ಕರಿಂದ ಭಾಗಿಸಿ, ಅದನ್ನ ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದ್ರೆ ಮರದ ಮಂಡಿ ಲೆಕ್ಕದಲ್ಲಿ ಒಂದು ಮರ 25 ಸಿಎಫ್‌ಟಿ, ಅಂದ್ರೆ ಘನ ಅಡಿ, ಎರಡಕ್ಕೆ 50. ಅದರಿಂದ 11,000 ಬರತ್ತೆ ಅಂತ ಅಂದಾಜಿತ್ತು, ಬಂದಿದ್ದೂ ಅಷ್ಟೇ. ಅಂದ್ರೆ ದಿಮ್ಮಿ ತನಗೆ ಅನ್ನೋದು ಆ ರೇಟಿನ ಒಳಗೇ ಸೇರಿತ್ತು. ಆದ್ರೆ ಇದು ಯಾವುದೂ ಸೆಕ್ರೆಟರಿಗೆ ಕಾಣಿಸಲಿಲ್ಲ, ಕಂಡಿದ್ದು ಒಂದೇ ನಂಬರು.

ಕೆಲಸದಲ್ಲಿ ಏನಾಯ್ತು

ಮೊದಲ ದಿನನೇ ಎಡವಟ್ಟು. ರೇನ್ ಟ್ರೀ ಕೊಂಬೆ ತೆಗೀಬೇಕಾದ್ರೆ ಲೈನ್ ಆಫ್ ಮಾಡಿಸ್ಬೇಕು, ಅದಕ್ಕೆ ಅಸೋಸಿಯೇಷನ್ ಕರೆಂಟ್ ಆಫೀಸಿಗೆ ಲೆಟರ್ ಕೊಟ್ಟಿತ್ತು. ಹಿಂದಿನ ರಾತ್ರಿ ಮಳೆಗೆ ಬೇರೆ ಕಡೆ ಲೈನ್ ಬಿದ್ದು ಲೈನ್‌ಮನ್‌ಗಳೆಲ್ಲ ಅಲ್ಲಿಗೆ ಹೋಗಿದ್ರು, ಶಟ್‌ಡೌನ್ ನಾಳೆಗೆ ಅಂತ ಬೆಳಗ್ಗೆ ಎಂಟು ಗಂಟೆಗೆ ಫೋನು ಬಂತು. ಆರು ಜನ ಗೇಟ್ ಮುಂದೆ ಟೀ ಕುಡೀತಾ ನಿಂತಿದ್ರು. ಸಿಲ್ವರ್ ಓಕ್ ಶುರು ಮಾಡೋಣ ಅಂದ್ರೆ ಅದರ ಕೆಳಗಿನ ಕಾರು ತೆಗೀಬೇಕು, ಮಾಲೀಕರು ಊರಲ್ಲಿಲ್ಲ, ಕೀ ಸಿಗಲಿಲ್ಲ. ದಿನ ಪೂರ್ತಿ ಹೋಯ್ತು. ಆರು ಜನರ ಕೂಲಿ 7,200, ಮರ ಕಡಿದ್ರೂ ಕೊಡ್ಬೇಕು, ಕಡೀದಿದ್ರೂ ಕೊಡ್ಬೇಕು.

ಎರಡನೇ ದಿನ ಶಟ್‌ಡೌನ್ ಸಿಕ್ತು, ರೇನ್ ಟ್ರೀ ಕೊಂಬೆ ಹಗ್ಗದಲ್ಲಿ ಇಳಿಸಿ ತೆಗೆದ್ರು. ಮಧ್ಯಾಹ್ನ ಕಮಿಟಿಯವರೊಬ್ರು ಬಂದು ಹೆಂಗೂ ಮೇಲಿದೀರಲ್ಲ, ಆ ಕಡೆ ಬಾಲ್ಕನಿ ಮೇಲೆ ಬಂದಿರೋ ದೊಡ್ಡ ಕೊಂಬೆನೂ ತೆಗೀರಿ, ಎಲೆ ಬಿದ್ದು ಬಿದ್ದು ಸಾಕಾಗಿದೆ ಅಂದ್ರು. ಮೇಸ್ತ್ರಿ ಆರ್ಡರ್ ಕಾಪಿ ತೆಗೆದು ತೋರಿಸಿ, ಇದರಲ್ಲಿ ಆ ಕೊಂಬೆ ಇಲ್ಲ ಸರ್, ಮುಟ್ಟಕ್ಕಾಗಲ್ಲ ಅಂದ್ರು. ಅವರಿಗೆ ಸಿಟ್ಟು ಬಂತು, ದುಡ್ಡು ಕೊಡೋರು ನಾವು ಅಂತ ಮಾತು ಬಂತು. ಸಾಯಂಕಾಲ ಪಕ್ಕದ ರಸ್ತೆಯವರು ಯಾರೋ ಫೋನ್ ಮಾಡಿ, ಅರಣ್ಯ ವಿಭಾಗದಿಂದ ಒಬ್ರು ಬಂದು ಆರ್ಡರ್ ಹಿಡ್ಕೊಂಡು ಒಂದೊಂದೇ ಕೊಂಬೆ ನೋಡ್ಕೊಂಡು ಹೋದ್ರು. ಆ ಬಾಲ್ಕನಿ ಕೊಂಬೆ ಕೆಳಗೆ ಬಿದ್ದಿದ್ರೆ ಅವತ್ತು ಕೆಲಸ ನಿಲ್ತಿತ್ತು, ಕೇಸು ಮೇಸ್ತ್ರಿ ಮೇಲೂ ಅಸೋಸಿಯೇಷನ್ ಮೇಲೂ ಇಬ್ರ ಮೇಲೂ ಬೀಳ್ತಿತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚಿಗೆ ಆದ ನಿರ್ಧಾರ ಇದೇ. ಗಿರಾಕಿ ಮುಖ ಸಿಂಡರಿಸ್ತಾರೆ ಅಂತ ಗೊತ್ತಿದ್ದೂ ಆಗಲ್ಲ ಅನ್ನೋಕೆ ಧೈರ್ಯ ಬೇಕು, ಕೈಯಲ್ಲಿ ಕಾಗದ ಇದ್ರೆ ಆ ಧೈರ್ಯ ಬರತ್ತೆ.

ಮೂರನೇ ದಿನ ಸಿಲ್ವರ್ ಓಕ್ ಸಲೀಸಾಗಿ ಮುಗೀತು. ಕಾಪರ್ ಪಾಡ್ ಹತ್ರ ಹೋದಾಗ ಬುಡದ ಸುತ್ತ ಇಟ್ಟಿದ್ದ ಹಳೇ ಕುಂಡ, ಟೈಲ್ಸ್ ರಾಶಿ ತೆಗೆಸಿದ್ರು, ಆಗ ಕಾಣಿಸ್ತು, ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ, ಗ್ಯಾನೊಡರ್ಮಾ ಅಂತಾರಲ್ಲ ಅದು. ಕೊಡಲಿ ಹಿಂಬದಿಯಿಂದ ಬಡಿದ್ರೆ ಟೊಳ್ಳು ಸದ್ದು. ಬುಡ ಹಾಗಿದ್ದಾಗ ಮರಕ್ಕೆ ಹಗ್ಗ ಕಟ್ಟಿ ಮನುಷ್ಯನ್ನ ಹತ್ತಿಸೋದು ಅಂದ್ರೆ ಜೀವದ ಜೊತೆ ಆಟ ಆಡಿದಂಗೆ. ಮೇಸ್ತ್ರಿ ಯಾರನ್ನೂ ಹತ್ತಿಸಲಿಲ್ಲ, ಹೈಡ್ರಾ ಕ್ರೇನ್ ಕರೆಸಿ, ಮೇಲಿಂದ ಹಿಡಿದು ತುಂಡು ತುಂಡಾಗಿ ಇಳಿಸಿದ್ರು. ಬಾಡಿಗೆ, ಆಪರೇಟರ್, ಬಂದು ಹೋಗೋ ಡೀಸೆಲ್ ಎಲ್ಲ ಸೇರಿ 14,000. ಕೆಲಸ ನಾಲ್ಕನೇ ದಿನ ಮುಗೀತು. ಸುರಕ್ಷತೆ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ತೀರ್ಮಾನ ಇಲ್ಲ. ಆದ್ರೆ ಕ್ರೇನ್ ಬುಕ್ ಮಾಡೋಕೆ ಮುಂಚೆ ಸೆಕ್ರೆಟರಿಗೆ ಒಂದು ಫೋನು, ಒಂದು ಫೋಟೋ ಹೋಗಲಿಲ್ಲ. ಟೊಳ್ಳು ಬುಡದ ಫೋಟೋ ತೆಗೆದಿದ್ದು ಮರ ಕೆಳಗೆ ಬಂದ ಮೇಲೆ.

ಬಿಲ್ಲು ಕೊಟ್ಟ ಮೇಲೆ

ಮೇಸ್ತ್ರಿ ಬರೆದ ಬಿಲ್ಲು: 58,000, ಕ್ರೇನ್ 14,000, ಖಾಲಿ ಕೂತ ದಿನ 7,200, ಒಟ್ಟು 79,200. ಅಡ್ವಾನ್ಸ್ ಕಳೆದು ಬರಬೇಕಾದ್ದು 64,200. ಅಸೋಸಿಯೇಷನ್ ಖಜಾಂಚಿ ವಾಪಸ್ ಕಳಿಸಿದ ಲೆಕ್ಕ ಬೇರೆನೇ ಇತ್ತು. ಕ್ರೇನ್ ನಾವು ಕೇಳಿಲ್ಲ, ಸೊನ್ನೆ. ಖಾಲಿ ದಿನಕ್ಕೆ ನಾವು ಹೊಣೆ ಅಲ್ಲ, ಸೊನ್ನೆ. ಸಿಲ್ವರ್ ಓಕ್ ದಿಮ್ಮಿ ನಮ್ಮದು, ಮಂಡಿಯಲ್ಲಿ ವಿಚಾರಿಸಿದೀವಿ, 11,000 ಕಡಿತ. ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿದೆ, 8,000 ಕಡಿತ. ಕ್ಲೀನಿಂಗ್ ಸಮೇತ ಅಂದಿದ್ರಿ, ಬುಡ ಹಾಗೇ ಇದೆ, ಬೇರು ತೆಗೆಸೋಕೆ 6,000 ಕಡಿತ. ಉಳಿದಿದ್ದು 33,000, ಅಡ್ವಾನ್ಸ್ ಹೋಗಿ ಕೊಡೋದು 18,000.

ಒಬ್ರು 64,200 ಅಂತಾರೆ, ಇನ್ನೊಬ್ರು 18,000 ಅಂತಾರೆ. ಇಬ್ರ ಹತ್ರನೂ ಇರೋದು ಅದೇ ಮೂರು ಸಾಲಿನ ಮೆಸೇಜು.

ಮೇಸ್ತ್ರಿ ಮೊದಲು ಮಾಡಿದ್ದು ಎಲ್ರೂ ಮಾಡೋದೇ, ದಿನಾ ಫೋನು. ಸೆಕ್ರೆಟರಿ ಎತ್ತೋದು ನಿಲ್ಲಿಸಿದ್ರು. ಆಮೇಲೆ ಏರಿಯಾದ ಲೀಡರ್ ಒಬ್ರ ಕೈಲಿ ಹೇಳಿಸಿದ್ರು, ಅದರಿಂದ ಕಮಿಟಿ ಇನ್ನೂ ಬಿಗಿ ಆಯ್ತು, ನಮ್ಮನ್ನ ಹೆದರಿಸ್ತೀರಾ ಅಂತ. ಒಂದು ತಿಂಗಳು ಹೀಗೇ ಹೋಯ್ತು. ಲಾಯರ್ ನೋಟಿಸ್ ಕೊಡಿಸೋಣ ಅಂತ ನನ್ನ ಹತ್ರ ಬಂದ್ರು.

ಕಾನೂನು ಅವರ ಕಡೆ ಇರಲಿಲ್ಲ ಅಂತಲ್ಲ. ಬಾಯಿಮಾತಿನ ಒಪ್ಪಂದನೂ ಒಪ್ಪಂದನೇ, ವಾಟ್ಸಾಪ್ ಮೆಸೇಜಿನ ಒಪ್ಪಂದಕ್ಕೂ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 2000ರ 10ಎ ಸೆಕ್ಷನ್‌ನಲ್ಲಿ ಮಾನ್ಯತೆ ಇದೆ. ಪುಕ್ಕಟೆ ಅಂತ ಅಲ್ಲದೆ ಒಬ್ರು ಇನ್ನೊಬ್ರಿಗೋಸ್ಕರ ನ್ಯಾಯವಾಗಿ ಮಾಡಿದ ಕೆಲಸದ ಲಾಭ ಅವರು ಪಡೆದಿದ್ರೆ ಅದಕ್ಕೆ ಪರಿಹಾರ ಕೊಡ್ಬೇಕು ಅಂತ 1872ರ ಕಾಂಟ್ರಾಕ್ಟ್ ಆಕ್ಟ್ ಸೆಕ್ಷನ್ 70 ಹೇಳತ್ತೆ, ಕ್ರೇನ್ ಖರ್ಚಿಗೆ ಅದನ್ನ ವಾದ ಮಾಡಬಹುದಿತ್ತು. ಬಾಕಿ ವಸೂಲಿಗೆ ಮೂರು ವರ್ಷ ಟೈಮೂ ಇತ್ತು. ಆದ್ರೆ ಐವತ್ತು ಸಾವಿರದ ಸುತ್ತಮುತ್ತಲ ಜಗಳಕ್ಕೆ ಕೋರ್ಟು ಸುತ್ತಿದ್ರೆ ಮಳೆಗಾಲದ ಕೆಲಸ ಪೂರ್ತಿ ಬಿಡ್ಬೇಕಾಗತ್ತೆ. ನೋಟಿಸ್ ಕೊನೆಗೆ ಇಟ್ಕೊಳ್ಳೋಣ, ಮೊದಲು ಅವರ ಮೀಟಿಂಗಲ್ಲಿ ತೋರಿಸೋಕಾಗೋ ಒಂದು ಹಾಳೆ ಮಾಡೋಣ ಅಂದೆ.

ಹಾಗೆ ಹೇಳೋಕೆ ಕಾರಣ ಖಜಾಂಚಿಯವರು ಫೋನಲ್ಲಿ ನನಗೆ ಹೇಳಿದ ಮಾತು. ಜನರಲ್ ಬಾಡಿಯಲ್ಲಿ ನಲವತ್ತು ಮನೆಯವರು ಕೇಳ್ತಾರೆ, ನಾನೇನು ತೋರಿಸ್ಲಿ ಅಂದ್ರು. ಆ ಮನುಷ್ಯ ಮೋಸಗಾರ ಅಲ್ಲ. ಸೆಕ್ರೆಟರಿ ಇಮೋಜಿ ಹಾಕಿ ಒಪ್ಪಿದ್ದಕ್ಕೆ ಇವರು ಉತ್ತರ ಕೊಡ್ಬೇಕು, ಕೈಯಲ್ಲಿ ಒಂದು ಕಾಗದ ಇಲ್ಲ. ಎಸ್ಟಿಮೇಟ್ ಬರೆಯೋರು ಇದನ್ನ ಯೋಚನೆನೇ ಮಾಡಲ್ಲ. ನಾವು ಬರೆಯೋದು ಮರದ ಕೆಳಗೆ ನಿಂತು ಸರಿ ಅಂದವರಿಗೆ ಅಂತ ಅನ್ಕೊಂಡಿರ್ತೀವಿ, ಅದನ್ನ ನಿಜವಾಗ್ಲೂ ಓದೋದು ಅಲ್ಲಿ ಇಲ್ಲದೇ ಇದ್ದವರು, ಕೆಲಸ ಮುಗಿದ ಮೇಲೆ, ದುಡ್ಡು ಕೊಡೋ ಹೊತ್ತಲ್ಲಿ.

ಕೂತು ಮಾತಾಡಿದ್ದು

ಹಾಳೆಯಲ್ಲಿ ಪ್ರತಿ ತಕರಾರಿಗೂ ಮೂರು ಕಾಲಂ ಮಾಡಿದ್ವಿ, ಮೆಸೇಜಲ್ಲಿ ಏನಿತ್ತು, ಸೈಟಲ್ಲಿ ಏನಾಯ್ತು, ಪುರಾವೆ ಏನಿದೆ. ಕೂಲಿ ಲೆಕ್ಕನೂ ಬಿಚ್ಚಿ ಬರೆದ್ವಿ, ಇದಕ್ಕೆ ಮೇಸ್ತ್ರಿ ಸುಲಭಕ್ಕೆ ಒಪ್ಪಲಿಲ್ಲ, ನನ್ನ ಲಾಭ ಅವರಿಗ್ಯಾಕೆ ತೋರಿಸ್ಬೇಕು ಅಂತ. ತೋರಿಸಿದ್ದೇ ಒಳ್ಳೇದಾಯ್ತು. ಕ್ರೇನು, ಖಾಲಿ ದಿನ ಎರಡನ್ನೂ ಅವರೇ ನುಂಗಿದ್ರೆ, ದಿಮ್ಮಿ ಮಾರಿದ ದುಡ್ಡೂ ಸೇರಿ ನಾಲ್ಕು ದಿನಕ್ಕೆ ಅವರಿಗೆ ಉಳಿಯೋದು 3,200 ಅಂತ ಆ ಹಾಳೆಯಲ್ಲಿ ಕಾಣಿಸ್ತು.

ಮೀಟಿಂಗಲ್ಲಿ ರಿಟೈರ್ಡ್ ಸಿವಿಲ್ ಇಂಜಿನಿಯರ್ ಒಬ್ರು ಇದ್ರು, ಕಾಂಟ್ರಾಕ್ಟು ಬಿಲ್ಲು ನೋಡಿ ಪಳಗಿದವರು. ಅವರು ಒಂದೊಂದೇ ಐಟಂ ತಗೊಂಡ್ರು. ಗೋಡೆ ಬಿರುಕಿನ ವಿಷಯ ಎರಡು ನಿಮಿಷದಲ್ಲಿ ಮುಗೀತು, ಯಾಕಂದ್ರೆ ಮೇಸ್ತ್ರಿ ಅಕ್ಕನ ಮಗ ಕೆಲಸ ಶುರು ಆಗೋಕೆ ಮುಂಚೆ ಸ್ಟೇಟಸ್‌ಗೆ ಹಾಕೋಕೆ ಅಂತ ಸುತ್ತ ವಿಡಿಯೋ ತೆಗೆದಿದ್ದ, ಅದರಲ್ಲಿ ಬಿರುಕು ಸ್ಪಷ್ಟವಾಗಿ ಇತ್ತು. ಮರದ ಬೇರೇ ಗೋಡೆ ಎತ್ತಿತ್ತು. ದಿಮ್ಮಿ ವಿಷಯದಲ್ಲಿ ಮರ ನಮಗೆ ಅಂತ ಬರೆದಿದ್ದ ಎರಡು ಪದ ಕಾಪಾಡಿತು. ಅದಿಲ್ಲದಿದ್ರೆ ಜಾಗದವರ ಮರ ಜಾಗದವರದ್ದೇ, ವಾದ ಮಾಡೋಕೆ ಜಾಗನೇ ಇರ್ತಿರಲಿಲ್ಲ. ಕ್ಲೀನಿಂಗ್ ಅಂದ್ರೆ ಸೊಪ್ಪು ಸದೆ ಎತ್ತೋದಾ, ಬೇರು ಸಮೇತ ಕೀಳೋದಾ ಅನ್ನೋದಕ್ಕೆ ಇಬ್ರ ಹತ್ರನೂ ಉತ್ತರ ಇರಲಿಲ್ಲ. ಇಂಜಿನಿಯರ್ ಅವರೇ ಆ ಬೇರು ಜೆಸಿಬಿಯಲ್ಲಿ ಕಿತ್ರೆ ಗೋಡೆ ಪಾಯ ಅಲ್ಲಾಡತ್ತೆ, ನೆಲಮಟ್ಟಕ್ಕೆ ಕತ್ತರಿಸಿ ಕೊಡಲಿ ಸಾಕು ಅಂದ್ರು, ಮೇಸ್ತ್ರಿ ಅದನ್ನ ಪುಕ್ಕಟೆ ಮಾಡಿಕೊಡ್ತೀನಿ ಅಂದ್ರು.

ಕ್ರೇನ್ ಮೇಲೆ ಜಾಸ್ತಿ ಮಾತಾಯ್ತು. ಟೊಳ್ಳು ಬುಡದ ಫೋಟೋ ನೋಡಿ ಕ್ರೇನ್ ಬೇಕಿತ್ತು ಅಂತ ಯಾರೂ ಅಲ್ಲಗಳೀಲಿಲ್ಲ. ಆದ್ರೆ ಮುಂಚೆ ಹೇಳಿದ್ರೆ ನಾವೂ ನಾಲ್ಕು ಕಡೆ ರೇಟು ಕೇಳ್ತಿದ್ವಿ ಅಂದ್ರು, ಅದೂ ನ್ಯಾಯನೇ. 10,000ಕ್ಕೆ ನಿಂತಿತು. ಒಂದು ಫೋನ್ ಮಾಡದೇ ಇದ್ದಿದ್ದಕ್ಕೆ 4,000 ಹೋಯ್ತು. ಖಾಲಿ ದಿನಕ್ಕೆ ಅರ್ಧ, 3,600. ಶಟ್‌ಡೌನ್ ಅರ್ಜಿ ಹಾಕಿದ್ದೂ ಅಸೋಸಿಯೇಷನ್ನು, ಕಾರು ತೆಗೆಸದೇ ಇದ್ದಿದ್ದೂ ಅಸೋಸಿಯೇಷನ್ನು, ಪೂರ್ತಿ ಕೇಳಬಹುದಿತ್ತು ಅಂತ ನನ್ನ ಅಭಿಪ್ರಾಯ, ಮೇಸ್ತ್ರಿಗೆ ಸಾಕಾಗಿತ್ತು, ಒಪ್ಕೊಂಡ್ರು.

ಒಟ್ಟು 71,600. ಅಡ್ವಾನ್ಸ್ 15,000 ಕಳೆದು, ಆಗಿನ ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಸೆಕ್ಷನ್ 194ಸಿ ಪ್ರಕಾರ 1% ಟಿಡಿಎಸ್, ಅಂದ್ರೆ ದುಡ್ಡು ಕೊಡೋರೇ ಮುಂಚೆ ಹಿಡಿದು ಕಟ್ಟೋ ಟ್ಯಾಕ್ಸು, 716 ಹಿಡಿದು, 55,884 ಅಕೌಂಟಿಗೆ ಬಂತು. ಪ್ಯಾನ್ ನಂಬರ್ ಮೊದಲೇ ಕೊಟ್ಟಿದ್ರು, ಕೊಡದಿದ್ರೆ 20% ಹಿಡೀತಾರೆ, ಎಷ್ಟೋ ಜನಕ್ಕೆ ಇದು ಗೊತ್ತಾಗೋದು ದುಡ್ಡು ಕಮ್ಮಿ ಬಂದ ಮೇಲೆ. ಜಿಎಸ್‌ಟಿ ಬಿಲ್ ಕೊಡಿ ಅಂತಲೂ ಕೇಳಿದ್ರು, ವರ್ಷದ ವಹಿವಾಟು 20 ಲಕ್ಷ ದಾಟಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಹಾಗಾಗಿ ಹಾಕೋ ಹಾಗೂ ಇಲ್ಲ ಅಂತ ಬರೆದುಕೊಟ್ವಿ.

ಈಗಿನ ಎಸ್ಟಿಮೇಟು

ಈಗ ಮೇಸ್ತ್ರಿ ಸೈಟ್ ನೋಡೋಕೆ ಹೋದ್ರೆ ಮೊದಲು ಬುಡ ನೋಡ್ತಾರೆ. ಕುಂಡ, ಕಸ, ಬಳ್ಳಿ ಏನಿದ್ರೂ ಸರಿಸಿ, ಬಡಿದು ಸದ್ದು ಕೇಳಿ, ಆಮೇಲೆ ಮೇಲೆ ನೋಡೋದು. ಪ್ರತಿ ಮರಕ್ಕೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಫೋಟೋ, ಕಾಂಪೌಂಡು, ಶೀಟು, ಚೇಂಬರ್ ಮುಚ್ಚಳ ಎಲ್ಲದರ ವಿಡಿಯೋ, ಅದನ್ನ ಅವತ್ತೇ ಗಿರಾಕಿಗೆ ಕಳಿಸೋದು, ತಮ್ಮ ಫೋನಲ್ಲೇ ಇಟ್ಕೊಂಡ್ರೆ ಜಗಳದಲ್ಲಿ ಅದಕ್ಕೆ ಅರ್ಧ ಬೆಲೆ.

ಕಾಗದ ಒಂದೇ ಪುಟ. ಮರ 1 ಏನು ಮಾಡ್ತೀವಿ, ಮರ 2 ಏನು ಮಾಡ್ತೀವಿ ಅಂತ ಬೇರೆ ಬೇರೆ ಸಾಲು, ತೆಗೆಯೋದು ಅಂತ ಬರೆದ್ರೆ ಎಲ್ಲಿವರೆಗೂ ಅಂತಲೂ ಬರೀಬೇಕು, ನೆಲಮಟ್ಟಕ್ಕಾ, ಬೇರು ಸಮೇತನಾ. ಕ್ಲೀನಿಂಗ್ ಅನ್ನೋ ಪದನೇ ಬಿಟ್ಟಿದೀವಿ, ಸೊಪ್ಪು ರೆಂಬೆ ಗೇಟಿಂದ ಆಚೆ ಸಾಗಿಸೋದು ಇಷ್ಟು ಲೋಡು ಅಂತ ಬರೀತಾರೆ. ಪರ್ಮಿಷನ್ ಆರ್ಡರ್ ಕೈಗೆ ಬರದೆ ಗರಗಸ ಮುಟ್ಟಲ್ಲ, ಆರ್ಡರಲ್ಲಿ ಇಲ್ಲದ ಕೊಂಬೆ ಕೇಳಿದ್ರೂ ಕಡಿಯಲ್ಲ ಅಂತ ಒಂದು ಸಾಲು. ಶಟ್‌ಡೌನು, ಕಾರು ತೆಗೆಸೋದು ಗಿರಾಕಿ ಜವಾಬ್ದಾರಿ, ಹಿಂದಿನ ದಿನ ಸಂಜೆ ಆರರೊಳಗೆ ಹೇಳಿದ್ರೆ ಏನೂ ಇಲ್ಲ, ಆಮೇಲೆ ಕ್ಯಾನ್ಸಲ್ ಆದ್ರೆ ಆ ದಿನದ ಕೂಲಿ ಇಷ್ಟು ಅಂತ ನಂಬರ್ ಸಮೇತ. ಟೊಳ್ಳು, ಜೇನುಗೂಡು, ಒಳಗೆ ಹುದುಗಿರೋ ಕಬ್ಬಿಣ ಇಂಥದ್ದು ಸಿಕ್ರೆ ಕೆಲಸ ನಿಲ್ಲಿಸಿ ಫೋಟೋ ಕಳಿಸ್ತೀವಿ, ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ಮುಂದೆ. ಈ ಸಾಲು ನನ್ನ ಪ್ರಕಾರ ಇಡೀ ಪುಟದಲ್ಲಿ ಹೆಚ್ಚು ಬೆಲೆ ಬಾಳೋದು. ದಿಮ್ಮಿಗೆ ಎರಡು ರೇಟು, ನಮಗೆ ಬಿಟ್ರೆ ಇಷ್ಟು, ನೀವೇ ಇಟ್ಕೊಂಡ್ರೆ ಇಷ್ಟು. ಅಸೋಸಿಯೇಷನ್‌ಗಳು ಬಹುತೇಕ ಮೊದಲನೇದನ್ನೇ ಆರಿಸ್ತವೆ, ಆದ್ರೆ ಆರಿಸಿದ್ದು ತಾವೇ ಅನ್ನೋದು ಕಾಗದದಲ್ಲಿ ಇರತ್ತೆ. ದುಡ್ಡು ಮೂರು ಕಂತು, ನೂರಕ್ಕೆ ಮೂವತ್ತು ಶುರುವಿಗೆ, ಐವತ್ತು ಮರ ಕೆಳಗೆ ಬಂದಾಗ, ಇಪ್ಪತ್ತು ಲೋಡ್ ಹೋದ ಮೇಲೆ. ಆರು ಜನಕ್ಕೂ ಕಾರ್ಮಿಕರ ಪರಿಹಾರದ ಇನ್ಶೂರೆನ್ಸ್ ಮಾಡಿಸಿದ್ರು, ಪಾಲಿಸಿ ಕಾಪಿ ಎಸ್ಟಿಮೇಟ್ ಜೊತೆಗೇ ಹೋಗತ್ತೆ. ಹಿಂದಿನ ಕೆಲಸದಲ್ಲಿ ಅದಿರಲಿಲ್ಲ, ಯಾರೂ ಕೇಳಿರಲೂ ಇಲ್ಲ, ಇಷ್ಟು ಅಪಾಯದ ಕೆಲಸದಲ್ಲಿ ಅದು ಇಬ್ರಿಗೂ ಒಪ್ಪುವ ಮಾತಲ್ಲ.

ಮುಂದಿನ ವರ್ಷ ಅದೇ ಅಸೋಸಿಯೇಷನ್ ಇವರನ್ನೇ ಕರೀತು. ಅದೇ ರೇನ್ ಟ್ರೀ, ಹೊಸ ಆರ್ಡರು, ಈ ಸಲ ಬಾಲ್ಕನಿ ಕೊಂಬೆನೂ ಆರ್ಡರಲ್ಲಿ ಇತ್ತು. ಮೇಲೆ ಹೆಜ್ಜೇನು ಸಿಕ್ತು. ಕೆಲಸ ನಿಂತಿತು, ಫೋಟೋ ಹೋಯ್ತು, ಜೇನು ಬಿಡಿಸೋರನ್ನ ಕರೆಸೋಕೆ ಆಗೋ ಖರ್ಚು, ಒಂದು ದಿನ ತಡ, ಎರಡಕ್ಕೂ ಮಧ್ಯಾಹ್ನದೊಳಗೆ ಖಜಾಂಚಿಯಿಂದಲೇ ಒಪ್ಪಿಗೆ ಬಂತು.

ಎಲ್ಲ ಕಡೆ ಹೀಗಾಗಿಲ್ಲ. ಒಂದು ಮನೆಯವರು ಒಂದೇ ತೆಂಗಿನ ಮರ ತೆಗೆಸೋಕೆ ಈ ಪುಟ ನೋಡಿ, ಇಷ್ಟೊಂದು ಕಂಡಿಷನ್ನಾ ಅಂತ ಬೇರೆಯವರಿಗೆ ಕೊಟ್ರು. ಆಮೇಲೆ ಚಿಕ್ಕ ಕೆಲಸಕ್ಕೆ ಪುಟ ಬೇಡ ಅಂತ ಒಂದು ಮೆಸೇಜ್ ಮಾಡ್ಕೊಂಡಿದಾರೆ, ಬೇಕಾದವರು ತಗೊಳ್ಳಿ:

"ಸರ್, ನಿಮ್ಮ ಮನೆ ಹಿಂದಿನ ತೆಂಗಿನ ಮರ 1, ಫೋಟೋ ಮೇಲಿದೆ. ನೆಲಮಟ್ಟಕ್ಕೆ ಕಡಿದು ಕೊಡ್ತೀವಿ, ಬೇರು ತೆಗೆಯಲ್ಲ. ಗರಿ, ತುಂಡು ಎಲ್ಲ ನಾವೇ ಸಾಗಿಸ್ತೀವಿ. ಬೊಡ್ಡೆ ನಮಗೆ. ಒಟ್ಟು ಇಷ್ಟು, ಕೆಲಸ ಮುಗಿದ ದಿನವೇ ಪೂರ್ತಿ. ಬೇರೆ ಖರ್ಚು ಬಂದ್ರೆ ಮೊದಲು ಹೇಳ್ತೀವಿ, ನೀವು ಸರಿ ಅಂತ ಬರೆದ ಮೇಲೆ ಮಾಡ್ತೀವಿ. ಒಪ್ಪಿಗೆ ಇದ್ರೆ ಒಪ್ಪಿದೆ ಅಂತ ಟೈಪ್ ಮಾಡಿ."